ಮುಧೋಳ ನಾಯಿಗೆ ಮೊದಲು ಬೇಕಿರುವುದು ಒಂದು ದಾಖಲೆ ಪುಸ್ತಕ

ಸಂಪಾದಕರಿಗೆ ನಮಸ್ಕಾರ.

ಮುಧೋಳ ನಾಯಿಯ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ನಾನು ಬಿಡದೆ ಓದುತ್ತೇನೆ. ವರ್ಷಕ್ಕೆ ಒಂದೆರಡು ಸಲವಾದರೂ ಬರುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿ ಕೊಟ್ಟರಂತೆ ಅನ್ನೋ ಕಥೆ, 2005ರಲ್ಲಿ ಬಂದ ಅಂಚೆ ಚೀಟಿ, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಮರಿಗಳು, 2020ರಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಇದರ ಹೆಸರು ಹೇಳಿದ್ದು. ಎಲ್ಲವೂ ನಮ್ಮ ಜಿಲ್ಲೆಯವರಿಗೆ ಹೆಮ್ಮೆಯ ವಿಷಯವೇ. ಆದರೆ ಇಷ್ಟೆಲ್ಲ ಓದಿದ ಮೇಲೂ ಕೆಲವು ಪ್ರಶ್ನೆ ಹಾಗೇ ಉಳಿಯುತ್ತವೆ. ಕೊಟ್ಟ ರಾಜರ ಹೆಸರಿದೆ, ತಗೊಂಡ ದೊರೆಯ ಹೆಸರಿದೆ. ಆ ನಾಯಿಗಳ ಹೆಸರು? ಅವುಗಳ ತಾಯಿ ಯಾವ ಊರಲ್ಲಿ, ಯಾರ ಮನೆಯಲ್ಲಿ ಮರಿ ಹಾಕಿತ್ತು? ಅದರ ಒಡಹುಟ್ಟಿದ ಮರಿಗಳ ಸಂತತಿ ಇವತ್ತು ಯಾವ ಹಳ್ಳಿಯಲ್ಲಿದೆ? ಇದನ್ನು ಯಾವ ಲೇಖನವೂ ಕೇಳುವುದಿಲ್ಲ.

ಈ ಪ್ರಶ್ನೆ ಕೇಳಲು ನನಗೊಂದು ಕಾರಣವಿದೆ. ನಮ್ಮ ಕಡೆ ಅರ್ಧಕ್ಕರ್ಧ ಜನ ಇವತ್ತಿಗೂ ಅಲ್ಸೇಷನ್ ಅಂತಲೇ ಕರೆಯುವ ಜರ್ಮನ್ ಶೆಫರ್ಡ್ ನಾಯಿ ಇದೆಯಲ್ಲ, ಅದರ ವಿಷಯದಲ್ಲಿ ಇದಕ್ಕೆಲ್ಲ ಉತ್ತರ ಇದೆ. ಮೊದಲು ದಾಖಲಾದ ನಾಯಿಯ ಹೆಸರು ಗೊತ್ತು. ಅದು ಹುಟ್ಟಿದ ದಿನ ಗೊತ್ತು. ಸಾಕಿ ಬೆಳೆಸಿದವರು ಯಾರು, ಕೊಂಡವರು ಯಾರು, ಅದರ ಯಾವ ಮಗ ಯಾವ ವರ್ಷ ಗೆದ್ದ ಅನ್ನೋದೂ ಗೊತ್ತು. 1899ರ ಏಪ್ರಿಲ್‌ನಲ್ಲಿ ಜರ್ಮನಿಯ ಒಂದಷ್ಟು ಜನ ಸೇರಿ ಒಂದು ಸಂಘ ಕಟ್ಟಿ, ಒಂದು ಪುಸ್ತಕ ತೆರೆದು, ಅದರಲ್ಲಿ ಬರೆಯೋಕೆ ಶುರು ಮಾಡಿದ್ದರಿಂದ ಇದು ಸಾಧ್ಯವಾಯಿತು. ಆ ಸಂಘದ ಮೊದಲ ದಿನಗಳ ಕಥೆ ನಮ್ಮ ಮುಧೋಳ, ಜಮಖಂಡಿ, ಬೀಳಗಿ ಕಡೆಯ ನಾಯಿ ಸಾಕುವವರಿಗೆ ತಲುಪಲಿ ಅಂತ ಈ ಪತ್ರ. ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ಆಗಿನ ಜರ್ಮನಿಯಲ್ಲಿ ಕುರಿ ನಾಯಿ ಅಂದರೆ ಒಂದೇ ರೂಪದ ನಾಯಿ ಅಲ್ಲ. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಥರ. ತುರಿಂಗಿಯಾ ಕಡೆಯವು ಚಿಕ್ಕ ಮೈಕಟ್ಟು, ನೆಟ್ಟಗೆ ನಿಂತ ಕಿವಿ, ತೋಳದಂಥ ಬೂದು ಬಣ್ಣ. ವ್ಯೂರ್ಟೆಂಬರ್ಗ್ ಕಡೆಯವು ದೊಡ್ಡವು, ಪೊದೆಬಾಲ, ನಡಿಗೆ ಚೆನ್ನಾಗಿ, ಆದರೆ ಕಿವಿ ಜೋಲು. ಕುರಿ ಕಾಯುವವನಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಕೆಲಸ. ಅಲ್ಲಿನ ಕೆಲಸ ಹೇಗಿತ್ತು ಅಂದರೆ, ಬೇಲಿ ಇಲ್ಲದ ಹೊಲಗಳ ನಡುವೆ ಒಂದು ಪಟ್ಟೆ ಹುಲ್ಲು, ಎರಡೂ ಕಡೆ ಬೇರೆಯವರ ಬೆಳೆ. ಕುರಿ ಹಿಂಡು ಆ ಪಟ್ಟೆಯಲ್ಲೇ ಮೇಯಬೇಕು. ನಾಯಿ ಗಡಿಯ ಸಾಲಿನ ಗುಂಟ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಬೆಳಗಿನಿಂದ ಸಂಜೆವರೆಗೂ ಕುಕ್ಕುಲೋಟ ಹಾಕುತ್ತಿರಬೇಕು. ಒಂದು ಕುರಿ ಬಾಯಿ ಚಾಚಿ ಪಕ್ಕದ ಹೊಲಕ್ಕೆ ಕಾಲಿಟ್ಟರೆ ಹಿಡಿದು ಒಳಗೆ ತಳ್ಳಬೇಕು, ಆದರೆ ಗಾಯ ಮಾಡಬಾರದು. ಬದುವಿನ ಮೇಲೆ ಕುರಿ ಹೊಡೆದುಕೊಂಡು ಹೋಗಿ ಪಕ್ಕದ ಹೊಲದವರ ಹತ್ತಿರ ಬೈಸಿಕೊಂಡ ನಮ್ಮ ಕುರುಬರಿಗೆ ಇಂಥ ನಾಯಿಯ ಬೆಲೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಈ ತಳಿಯ ನಡಿಗೆ, ಉದ್ದನೆ ಬೆನ್ನು, ದಣಿಯದ ಓಟ ಎಲ್ಲವೂ ಆ ಗಡಿಸಾಲಿನಿಂದಲೇ ಬಂದದ್ದು.

ಈ ನಾಯಿಗಳನ್ನೆಲ್ಲ ಒಂದು ತಳಿಯಾಗಿ ಕಟ್ಟಬೇಕು ಅನ್ನೋ ಯೋಚನೆ 1899ಕ್ಕಿಂತ ಮೊದಲೇ ಇತ್ತು. 1891ರಲ್ಲಿ ಫೈಲಾಕ್ಸ್ ಅನ್ನೋ ಸಂಘ ಹುಟ್ಟಿತು. ಮೂರೇ ವರ್ಷಕ್ಕೆ ಮುಚ್ಚಿಹೋಯಿತು. ಒಳಗೇ ಜಗಳ. ನಾಯಿ ನೋಡೋಕೆ ಚೆನ್ನಾಗಿರಬೇಕು, ತೋಳದ ಹಾಗೆ ಕಾಣಬೇಕು ಅನ್ನುವವರು ಒಂದು ಕಡೆ, ಕೆಲಸ ಮಾಡದ ನಾಯಿ ಎಷ್ಟು ಚೆನ್ನಾಗಿದ್ದರೇನು ಅನ್ನುವವರು ಇನ್ನೊಂದು ಕಡೆ. ಈ ಸಂಗತಿಯನ್ನು ಸುಮ್ನೆ ಹೇಳುತ್ತಿಲ್ಲ. ನಾಯಿ ಸಂಘ ಅಂತ ಎಲ್ಲಿ ಶುರುವಾದರೂ ಈ ಜಗಳ ಬಂದೇ ಬರುತ್ತದೆ, ನಮ್ಮಲ್ಲೂ ಬರುತ್ತದೆ, ಅದಕ್ಕೆ ಮೊದಲೇ ತಯಾರಿರಬೇಕು.

ಫೈಲಾಕ್ಸ್ ಮುಳುಗಿದ ಮೇಲೂ ಆ ಯೋಚನೆ ಬಿಡದೆ ಹಿಡಿದುಕೊಂಡವರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಮುಖ್ಯರು. 1864ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು, ಕುದುರೆ ದಳದ ಅಧಿಕಾರಿ. ಸೈನ್ಯದಲ್ಲಿದ್ದಾಗ ಬರ್ಲಿನ್‌ನ ಪಶುವೈದ್ಯ ಕಾಲೇಜಿನಲ್ಲೂ ಒಂದಷ್ಟು ಕಾಲ ಇದ್ದರು. ಪ್ರಾಣಿಯ ಮೂಳೆ ಹೇಗೆ, ಕೀಲು ಹೇಗೆ, ಕಾಲಿನ ಕೋನ ಬದಲಾದರೆ ಓಟ ಹೇಗೆ ಬದಲಾಗುತ್ತದೆ ಅನ್ನೋದು ಅಲ್ಲಿ ಕಲಿತದ್ದು. ಸೈನ್ಯದ ಕವಾಯತಿಗೆ ಹಳ್ಳಿಗಳ ಮೇಲೆ ಹೋದಾಗ ಕುರಿ ನಾಯಿಗಳ ಕೆಲಸ ನೋಡಿ ಮನಸೋತರು. ಆಮೇಲೆ ಒಬ್ಬ ನಟಿಯನ್ನು ಮದುವೆಯಾದರು. ಆ ಕಾಲದ ಅಧಿಕಾರಿಗಳ ವಲಯಕ್ಕೆ ಅದು ಒಪ್ಪಿಗೆಯಾಗದೆ ಸೈನ್ಯ ಬಿಡಬೇಕಾಯಿತು. ಬವೇರಿಯಾದಲ್ಲಿ, ಮ್ಯೂನಿಕ್ ಹತ್ತಿರ ಗ್ರಾಫ್ರಾತ್ ಅನ್ನೋ ಕಡೆ ಜಮೀನು ತಗೊಂಡು ನಾಯಿ ಸಾಕಿದರು.

1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂ ಊರಲ್ಲಿ ನಾಯಿ ಪ್ರದರ್ಶನ. ಸ್ಟೆಫಾನಿಟ್ಸ್ ಜೊತೆ ಅವರ ಗೆಳೆಯ ಆರ್ಟುರ್ ಮಾಯರ್ ಇದ್ದರು. ಅಲ್ಲಿ ಕಣ್ಣಿಗೆ ಬಿದ್ದದ್ದು ನಾಲ್ಕು ವರ್ಷದ ಒಂದು ಗಂಡು ನಾಯಿ, ಹೆಸರು ಹೆಕ್ಟರ್ ಲಿಂಕ್ಸ್‌ರೈನ್. 1895ರ ಜನವರಿ 1ರಂದು ಹುಟ್ಟಿದ್ದು, ಫ್ರಾಂಕ್‌ಫರ್ಟ್‌ನ ಸ್ಪಾರ್ವಾಸರ್ ಅನ್ನುವವರು ಬೆಳೆಸಿದ ಸಾಲು. ದೊಡ್ಡ ನಾಯಿ ಏನಲ್ಲ, ಭುಜದ ಎತ್ತರ ಸುಮಾರು 60 ಸೆಂಟಿಮೀಟರ್. ತೋಳದ ಬಣ್ಣ, ಗಟ್ಟಿ ಮೂಳೆ, ಒಂದು ಕ್ಷಣ ಸುಮ್ಮನಿರದ ಸ್ವಭಾವ, ಆದರೆ ಯಜಮಾನ ಕರೆದರೆ ಬೇರೆ ಕಡೆ ನೋಡುವುದಿಲ್ಲ. ಸ್ಟೆಫಾನಿಟ್ಸ್ ಕೊಂಡೇಬಿಟ್ಟರು. ಹೆಸರು ಬದಲಾಯಿಸಿ ಹೋರಾಂಡ್ ಫಾನ್ ಗ್ರಾಫ್ರಾತ್ ಅಂತ ಇಟ್ಟರು. ಅದೇ ತಿಂಗಳ 22ಕ್ಕೆ ಜರ್ಮನ್ ಶೆಫರ್ಡ್ ಸಂಘ ಸ್ಥಾಪನೆಯಾಯಿತು. ಸ್ಟೆಫಾನಿಟ್ಸ್ ಅಧ್ಯಕ್ಷರು, ಮಾಯರ್ ಕಾರ್ಯದರ್ಶಿ. ಜರ್ಮನ್ ಹೆಸರಿನ ಮೊದಲಕ್ಷರ ಹಿಡಿದು ಜಗತ್ತಿನ ಎಲ್ಲೆಡೆ ಈ ಸಂಘವನ್ನು ಎಸ್‌ವಿ ಅಂತ ಕರೆಯುತ್ತಾರೆ. ಇವತ್ತು ಇದರ ಕಚೇರಿ ಆಗ್ಸ್‌ಬರ್ಗ್‌ನಲ್ಲಿದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಒಬ್ಬ ಅಧಿಕಾರಿ, ಒಂದು ಅದ್ಭುತ ನಾಯಿ, ಮುಗೀತು. ನನಗೆ ಮುಖ್ಯ ಅನ್ನಿಸುವುದು ಆ ದಿನ ಇವರ ಜೊತೆ ಕೂತ ಬೇರೆಯವರು. ಮೂವರು ಕುರಿ ಹಿಂಡಿನ ಯಜಮಾನರು, ಇಬ್ಬರು ಕಾರ್ಖಾನೆ ಮಾಲೀಕರು, ಒಬ್ಬ ವಾಸ್ತುಶಿಲ್ಪಿ, ಒಬ್ಬ ಮೇಯರ್, ಒಬ್ಬ ಖಾನಾವಳಿ ಇಟ್ಟವನು, ಒಬ್ಬ ನ್ಯಾಯಾಧೀಶ. ಈ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ಕುರಿಯವರು ಮೂರು ಜನ ಇದ್ದಾರೆ! ನಾಯಿಯ ಕೆಲಸ ಏನು, ಯಾವ ನಾಯಿ ಕಳ್ಳ, ಯಾವ ನಾಯಿ ನಿಯತ್ತಿನದು ಅಂತ ಹೇಳೋಕೆ ಅವರೇ ಬೇಕು. ಹಣ ಹಾಕೋಕೆ, ಬೈಲಾ ಬರೆಯೋಕೆ, ನಾಲ್ಕು ಜನ ಸೇರೋಕೆ ಜಾಗ ಕೊಡೋಕೆ ಉಳಿದವರು. ದೊಡ್ಡ ಮನೆತನದವರೇ ಸೇರಿ ಮಾಡಿದ್ದರೆ ಅದು ಪ್ರದರ್ಶನದ ಕ್ಲಬ್ ಆಗುತ್ತಿತ್ತು, ಫೈಲಾಕ್ಸ್ ಹಾಗೆ. ಕುರಿಯವರೇ ಸೇರಿದ್ದರೆ ಬರವಣಿಗೆ ಆಗುತ್ತಿರಲಿಲ್ಲ. ಒಂದೇ ಮೇಜಿನ ಸುತ್ತ ಇಬ್ಬರೂ ಕೂತರು, ಅದೇ ಆ ಸಂಘದ ಬಲ ಅಂತ ನನ್ನ ಅಭಿಪ್ರಾಯ.

ಅವರು ಮಾಡಿದ ಮೊದಲ ದೊಡ್ಡ ಕೆಲಸ ತಳಿ ಪುಸ್ತಕ. ಅದರಲ್ಲಿ ಸಂಖ್ಯೆ 1 ಹೋರಾಂಡ್. ಆಮೇಲೆ 2, 3, 4 ಅಂತ ಹೋಗುತ್ತಾ ಇವತ್ತು 20 ಲಕ್ಷ ದಾಟಿದೆ. ಎರಡು ಮಹಾಯುದ್ಧ ಆದವು, ದೇಶ ಎರಡು ತುಂಡಾಗಿ ಮತ್ತೆ ಒಂದಾಯಿತು, ಪುಸ್ತಕ ನಡೆದೇ ಇದೆ. ಪ್ರತಿ ಮರಿಗೂ ತಂದೆ ಯಾರು, ತಾಯಿ ಯಾರು, ಹುಟ್ಟಿದ ದಿನ, ಬಣ್ಣ, ಸಾಕಿದವರ ಹೆಸರು. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರು ಶುರುವಾಗಬೇಕು ಅನ್ನೋ ರೂಢಿ ಇದೆ. ಒಂದು ಮನೆಯ ಮೊದಲ ಸೂಲಾದರೆ ಎಲ್ಲ ಮರಿಗೂ ಎ, ಎರಡನೆಯದಕ್ಕೆ ಬಿ, ಹೀಗೆ. ಹಿಂದೆ ಸಾಕಣೆದಾರರ ಮನೆತನದ ಹೆಸರು. ಹಾಗಾಗಿ ನಾಯಿಯ ಪೂರ್ತಿ ಹೆಸರು ಕೇಳಿದರೆ ಸಾಕು, ಯಾರ ಮನೆಯದು, ಆ ಮನೆಯ ಎಷ್ಟನೇ ಸೂಲಿನದು ಅಂತ ತಿಳಿದವರು ಹೇಳಿಬಿಡುತ್ತಾರೆ. ಇದಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ, ಸರ್ಕಾರದ ಅನುದಾನವೂ ಬೇಕಾಗಿರಲಿಲ್ಲ. ಒಂದು ಲೆಡ್ಜರ್, ಒಬ್ಬ ಶಿಸ್ತಿನ ಗುಮಾಸ್ತ, ಸುಳ್ಳು ಹೇಳಿದರೆ ಸಂಘದಿಂದ ಹೊರಗೆ ಹಾಕುವ ಧೈರ್ಯ.

ಅದೇ ವರ್ಷ ಸೆಪ್ಟೆಂಬರ್ 20ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಸದಸ್ಯರ ಮೊದಲ ಸಭೆ. ಮಾಯರ್ ಮತ್ತು ಸ್ಟೆಫಾನಿಟ್ಸ್ ಸೇರಿ ಬರೆದ ತಳಿಯ ಮಾನದಂಡ ಅಲ್ಲಿ ಒಪ್ಪಿಗೆಯಾಯಿತು. ಅಂದರೆ ಸಂಘ ಹುಟ್ಟಿದ ಐದೇ ತಿಂಗಳಲ್ಲಿ ನಾಯಿ ಹೇಗಿರಬೇಕು ಅಂತ ಕಾಗದದ ಮೇಲೆ ಬಂದಿತ್ತು. ಉಪಯೋಗ ಮತ್ತು ಬುದ್ಧಿ ಇವೆರಡೇ ಮುಖ್ಯ, ಚೆಲುವು ಅದರ ಹಿಂದೆ ಬರಬೇಕು ಅನ್ನುವುದು ಸ್ಟೆಫಾನಿಟ್ಸ್ ಅವರ ಹಟ. ಬಣ್ಣದ ಬಗ್ಗೆ ಅವರು ತಲೆಕೆಡಿಸಿಕೊಳ್ಳಲಿಲ್ಲ.

ಹೋರಾಂಡ್‌ನನ್ನು ಬೇರೆ ಬೇರೆ ಪ್ರಾಂತ್ಯದ ಹೆಣ್ಣುಗಳ ಜೊತೆ ಕೂಡಿಸಿದರು. ತುರಿಂಗಿಯಾದ ಕಿವಿ, ವ್ಯೂರ್ಟೆಂಬರ್ಗ್‌ನ ಮೈಕಟ್ಟು ಎರಡೂ ಒಂದೇ ನಾಯಿಯಲ್ಲಿ ಬರಬೇಕಿತ್ತು. ಅವನ ಮಕ್ಕಳಲ್ಲಿ ಹೆಚ್ಚು ಹೆಸರಾದವನು ಹೆಕ್ಟರ್ ಫಾನ್ ಶ್ವಾಬೆನ್, 1900 ಮತ್ತು 1901ರ ಚಾಂಪಿಯನ್. ಹೆಕ್ಟರ್‌ನ ಮಗ ಬಿಯೋವುಲ್ಫ್. ಇವತ್ತು ನಮ್ಮ ಹುಬ್ಬಳ್ಳಿಯ ಕಾಂಪೌಂಡಿನಲ್ಲಿ ಬೊಗಳುವ ಜರ್ಮನ್ ಶೆಫರ್ಡ್‌ನ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಕೊನೆಗೆ ಸಿಗುವುದು ಇವರೇ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಒಳ್ಳೆ ಗುಣ ಬೇಗ ಗಟ್ಟಿಯಾಗಲಿ ಅಂತ ಅವರು ಹತ್ತಿರದ ರಕ್ತದಲ್ಲೇ ಜಾಸ್ತಿ ಕೂಡಿಸಿದರು. ಬಿಯೋವುಲ್ಫ್‌ನ ತಾಯಿ ಹೆಕ್ಟರ್‌ಗೆ ಮಲತಂಗಿ, ಅವಳೂ ಹೋರಾಂಡ್‌ನ ಮಗಳು. ರೂಪ ಬೇಗ ಒಂದಾಯಿತು ನಿಜ, ಆದರೆ ಕೆಲವೇ ನಾಯಿಗಳ ಮೇಲೆ ಇಡೀ ತಳಿ ನಿಂತರೆ ಅವುಗಳ ದೋಷವೂ ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ಇದನ್ನು ನಾವು ಇವತ್ತು ತಿಳಿದು ಟೀಕೆ ಮಾಡಲು ಸಾಧ್ಯವಾಗಿರುವುದೂ ಅವರು ಬರೆದಿಟ್ಟಿದ್ದರಿಂದಲೇ. ಬರೆಯದೇ ಇದ್ದರೆ ಒಳರಕ್ತ ಸೇರುವುದು ನಿಲ್ಲುವುದಿಲ್ಲ, ಕಾಣುವುದಿಲ್ಲ ಅಷ್ಟೆ.

ಇನ್ನು ಕೆಲಸದ ವಿಷಯ. ಸಂಘ ಶುರುವಾದ ಹೊತ್ತಿಗೇ ಜರ್ಮನಿಯಲ್ಲಿ ಕುರಿ ಕಡಿಮೆಯಾಗುತ್ತಿತ್ತು. ಕಾರ್ಖಾನೆಗಳು ಬಂದವು, ಬಯಲು ಹೊಲವಾಯಿತು, ಹೊಲ ಊರಾಯಿತು. ಕುರಿ ಇಲ್ಲದೆ ಕುರಿ ನಾಯಿ ಯಾಕೆ? ಬೇರೆ ಯಾರಾದರೂ ಆಗಿದ್ದರೆ ಮನೆಯಲ್ಲಿ ಸಾಕಿಕೊಳ್ಳಿ, ಚೆನ್ನಾಗಿದೆ ಅಂತ ಹೇಳಿ ಸುಮ್ಮನಾಗುತ್ತಿದ್ದರು. ಸ್ಟೆಫಾನಿಟ್ಸ್ ಪೊಲೀಸರ ಹತ್ತಿರ ಹೋದರು, ಸೈನ್ಯದ ಹತ್ತಿರ ಹೋದರು. ಮೂಸಿ ಹುಡುಕುವುದು, ಹೇಳಿದ ಮಾತು ಕೇಳುವುದು, ಯಜಮಾನನನ್ನು ಕಾಯುವುದು, ಇವುಗಳಿಗೆ ಪರೀಕ್ಷೆ ಮಾಡಿ, ಗೆದ್ದ ನಾಯಿಗೆ ಪದವಿ ಕೊಡುವ ಪದ್ಧತಿ ತಂದರು. ಮೊದಲ ಮಹಾಯುದ್ಧದಲ್ಲಿ ಸುದ್ದಿ ಒಯ್ಯಲು, ಗಾಯಾಳುಗಳನ್ನು ಹುಡುಕಲು ಈ ನಾಯಿಗಳು ಹೋದವು. 1916ರಲ್ಲಿ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಿಸುವ ನಾಯಿಗಳ ಶಾಲೆ ತೆರೆಯಿತು, ಅಲ್ಲೂ ಇದೇ ತಳಿ. ಕುರಿ ಕಾಯುವ ನಾಯಿಗೆ ಇಷ್ಟೊಂದು ಹೊಸ ಕೆಲಸ ಸಿಕ್ಕಿದ್ದು ಅದೃಷ್ಟದಿಂದ ಅಲ್ಲವೇ ಅಲ್ಲ. ಒಬ್ಬರು ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳಿದ್ದರಿಂದ, ಊರೂರಿನ ಶಾಖೆಗಳಲ್ಲಿ ಜನ ಭಾನುವಾರ ಮೈದಾನಕ್ಕೆ ಬಂದು ತಮ್ಮ ನಾಯಿಗಳನ್ನು ತಯಾರು ಮಾಡಿದ್ದರಿಂದ. 1920ರ ದಶಕದ ಹೊತ್ತಿಗೆ ಸದಸ್ಯರು ಹತ್ತಾರು ಸಾವಿರ ಆಗಿದ್ದರು.

ಅಷ್ಟು ಜನ ಸೇರಿದ ಮೇಲೆ ಮತ್ತೆ ಹಳೇ ಕಾಯಿಲೆ ಬಂತು. ನಾಯಿಗೆ ಬೇಡಿಕೆ, ಬೆಲೆ, ಪ್ರದರ್ಶನದ ಬಹುಮಾನ. ದೊಡ್ಡ ನಾಯಿ ಅಂದರೆ ಜಾಸ್ತಿ ದುಡ್ಡು. ನಾಯಿಗಳು ವರ್ಷ ವರ್ಷಕ್ಕೆ ಎತ್ತರವಾಗುತ್ತಾ, ಮೈ ಚೌಕವಾಗುತ್ತಾ, ಸ್ವಭಾವ ಹಾಳಾಗುತ್ತಾ ಹೋದವು. ಸಂಘ ಮೊದಲು ತಳಿ ತಪಾಸಣೆ ಶುರು ಮಾಡಿತು. ಮರಿ ಹಾಕಿಸಲು ಯಾವ ನಾಯಿ ಯೋಗ್ಯ, ಯಾವುದು ಅಲ್ಲ, ಯಾವುದನ್ನು ಯಾವುದರ ಜೊತೆ ಕೂಡಿಸಬಾರದು ಅಂತ ತಜ್ಞರು ಅಳೆದು ಬರೆದು ಕೊಡುವುದು. ಆಮೇಲೆ 1925ರ ಚಾಂಪಿಯನ್ ಪ್ರದರ್ಶನದಲ್ಲಿ ಸ್ಟೆಫಾನಿಟ್ಸ್ ತಾವೇ ತೀರ್ಪುಗಾರರಾಗಿ ನಿಂತು, ಎಲ್ಲರೂ ಮೆಚ್ಚಿಕೊಂಡಿದ್ದ ಎತ್ತರದ ನಾಯಿಗಳನ್ನು ಬಿಟ್ಟು ಕ್ಲೋಡೋ ಫಾಮ್ ಬಾಕ್ಸ್‌ಬರ್ಗ್ ಅನ್ನೋ ಗಿಡ್ಡನೆ, ಉದ್ದನೆ ನಾಯಿಗೆ ಕಿರೀಟ ಕೊಟ್ಟರು. ಎತ್ತರದ ನಾಯಿಗಳನ್ನು ದುಡ್ಡು ಸುರಿದು ತಂದವರಿಗೆ ಅದು ರುಚಿಸುವ ತೀರ್ಪಾಗಿರಲಿಲ್ಲ. ಆದರೆ ಆ ಒಂದು ತೀರ್ಪಿನಿಂದ ತಳಿಯ ದಿಕ್ಕು ಬದಲಾಯಿತು. ಇವತ್ತಿಗೂ ಗಂಡು ನಾಯಿಯ ಎತ್ತರ 60ರಿಂದ 65 ಸೆಂಟಿಮೀಟರ್, ಹೆಣ್ಣು 55ರಿಂದ 60 ಅಂತ ಮಿತಿ ಇದೆ. ಹೋರಾಂಡ್‌ನ ಅಳತೆಗೆ ಹತ್ತಿರ ಹತ್ತಿರವೇ ಇದೆ ನೋಡಿ.

ಸ್ಟೆಫಾನಿಟ್ಸ್ ಅವರನ್ನು ದೇವರು ಮಾಡಬೇಕಾಗಿಲ್ಲ. ಸಂಘವನ್ನು ಸೈನ್ಯದ ತುಕಡಿಯ ಹಾಗೆ ನಡೆಸಿದರು, ಎದುರು ಮಾತಾಡಿದವರನ್ನು ಸಹಿಸಲಿಲ್ಲ. ಅದಕ್ಕಿಂತ ದೊಡ್ಡ ಕಳಂಕ, ಶುದ್ಧ ರಕ್ತದ ಮಾತನ್ನು ಅವರು ನಾಯಿಗೆ ಮಾತ್ರ ಬಿಡಲಿಲ್ಲ. ಅವರ ಬರಹದಲ್ಲಿ ಯಹೂದಿಗಳ ಬಗ್ಗೆ ಹೀನ ಮಾತುಗಳಿವೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳುವುದು ತಪ್ಪು. ಮುಂದೆ ನಾಜಿಗಳು ಬಂದು ದೇಶದ ಎಲ್ಲ ಸಂಘಗಳನ್ನೂ ಕೈಗೆ ತಗೊಂಡರು, ಇದನ್ನೂ ಬಿಡಲಿಲ್ಲ. 1935ರಲ್ಲಿ ಸ್ಟೆಫಾನಿಟ್ಸ್ ತಾವೇ ಕಟ್ಟಿದ ಸಂಘದಿಂದ ಹೊರಗೆ ಬಂದರು. ಮರುವರ್ಷ ಏಪ್ರಿಲ್ 22ರಂದು, ಸಂಘ ಹುಟ್ಟಿದ ತಾರೀಖಿನಂದೇ, ಡ್ರೆಸ್ಡೆನ್‌ನಲ್ಲಿ ತೀರಿಕೊಂಡರು. ತಳಿಯ ಬಗ್ಗೆ ಮಾತಾಡುವಾಗ ನಾವು ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಾಯಿಯ ವಂಶಾವಳಿ ಬರೆಯುವುದು ಅದರ ಆರೋಗ್ಯಕ್ಕೆ, ಕೆಲಸಕ್ಕೆ. ಆ ಮಾತನ್ನು ಮನುಷ್ಯರ ಮೇಲೆ ತರುವವರನ್ನು ಹತ್ತಿರಕ್ಕೂ ಸೇರಿಸಬಾರದು.

ಸಂಘ ಆಮೇಲೆ ಮಾಡಿದ್ದರಲ್ಲಿ ಒಂದು ಮಾತ್ರ ಹೇಳುತ್ತೇನೆ. ಈ ತಳಿಗೆ ಸೊಂಟದ ಕೀಲಿನ ಕಾಯಿಲೆ ದೊಡ್ಡ ಶಾಪ. 1960ರ ದಶಕದಿಂದ ಸಂಘ ಸೊಂಟದ ಎಕ್ಸ್‌ರೇ ತೆಗೆಸಿ, ಅದರ ಫಲಿತಾಂಶವನ್ನು ನಾಯಿಯ ಕಾಗದದ ಮೇಲೇ ಒತ್ತುವ ಪದ್ಧತಿ ತಂದಿತು. ಮರಿ ಕೊಳ್ಳುವವನು ಕಾಗದ ತಿರುಗಿಸಿದರೆ ತಂದೆ ತಾಯಿಯ ಸೊಂಟ ಹೇಗಿತ್ತು ಅಂತ ಗೊತ್ತಾಗುತ್ತದೆ. ಆದರೂ ಪ್ರದರ್ಶನದ ಸಾಲಿನ ನಾಯಿಗಳ ಬೆನ್ನು ಹಿಂದಕ್ಕೆ ಇಳಿಜಾರಾಗುತ್ತಾ ಹೋಗಿ, ಕೆಲಸದ ಸಾಲು ಬೇರೆ, ಪ್ರದರ್ಶನದ ಸಾಲು ಬೇರೆ ಅಂತ ತಳಿಯೇ ಎರಡು ಪಾಲಾಯಿತು. ಫೈಲಾಕ್ಸ್ ಮುಳುಗಿದ್ದ ಜಗಳ ನೂರು ವರ್ಷದ ಮೇಲೂ ಮುಗಿದಿಲ್ಲ.

ಈಗ ನಮ್ಮ ಊರಿಗೆ ಬರೋಣ.

ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ಉದ್ದ ಕಾಲು, ಆಳದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ, ತೆಳು ಚರ್ಮ. ಪಕ್ಕೆಲುಬು ಕಾಣುತ್ತದೆ ಅಂತ ಪಾಪ, ಹೊಟ್ಟೆಗೆ ಹಾಕಿಲ್ಲ ಅಂದುಕೊಳ್ಳುತ್ತಾರೆ ಗೊತ್ತಿಲ್ಲದವರು. ಅದರ ಮೈಕಟ್ಟೇ ಹಾಗೆ. ಬಯಲಲ್ಲಿ ಮೊಲದ ಹಿಂದೆ ಬಿಟ್ಟರೆ ನೋಡುವ ಕಣ್ಣಿಗೆ ಬರೀ ಧೂಳು ಕಾಣುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅದು ಸರಿಯಾದ ಕಾನೂನೇ, ನನ್ನ ತಕರಾರಿಲ್ಲ. ಆದರೆ ಜರ್ಮನಿಯಲ್ಲಿ ಕುರಿ ಹೋದಾಗ ಬಂದ ಪ್ರಶ್ನೆಯೇ ನಮ್ಮ ನಾಯಿಗೂ ಬಂತು. ಇದರ ಕೆಲಸ ಇನ್ನು ಏನು? ಅಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಲು ಸಾಕುವವರ ಸಂಘ ಇತ್ತು. ಇಲ್ಲಿ ಉತ್ತರಕ್ಕೆ ನಾವು ಸೇನೆಯ ಕಡೆ, ಸರ್ಕಾರದ ಕಡೆ ನೋಡುತ್ತಾ ಕೂತಿದ್ದೇವೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳುವುದು ಅನ್ಯಾಯವಾಗುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸೇನೆಗೆ ಮರಿಗಳು ಹೋದದ್ದು ಅಲ್ಲಿಂದಲೇ. ಕರ್ನಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಪಶು ತಳಿ ಸಂಸ್ಥೆ ಮುಧೋಳವನ್ನು ದೇಶಿ ತಳಿ ಅಂತ ನೋಂದಾಯಿಸಿದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿಯೂ ಉಂಟು. ಇಷ್ಟಿದ್ದೂ ಒಂದು ಸಾಮಾನ್ಯ ದಿನ ಮುಧೋಳ ತಾಲ್ಲೂಕಿನ ಒಂದು ಹಳ್ಳಿಗೆ ಮರಿ ತರಲು ಹೋಗಿ ನೋಡಿ. ಮನೆ ಮುಂದೆ ಗೋಣಿಚೀಲದ ಮೇಲೆ ತಾಯಿ ಮಲಗಿರುತ್ತದೆ, ಮರಿಗಳು ಅದರ ಮೊಲೆಗೆ ಕಚ್ಚಿಕೊಂಡಿರುತ್ತವೆ. ಅಪ್ಪ ಯಾವುದು ಅಂತ ಕೇಳಿದರೆ ಮನೆಯವರು ಮೊಬೈಲ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಆ ಊರಿನದ್ದು, ಭಾರೀ ಓಟದ್ದು ಸರ್ ಅನ್ನುತ್ತಾರೆ. ಅಪ್ಪನ ಅಪ್ಪ? ಅದೂ ಚಲೋ ಇತ್ತು ಸರ್. ಮನೆಯವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಎಲ್ಲ ನೆನಪಿದೆ, ಮೂರು ನಾಲ್ಕು ತಲೆಮಾರಿನದು ಬಾಯಲ್ಲೇ ಹೇಳುವ ಹಿರಿಯರಿದ್ದಾರೆ. ಆದರೆ ಆ ನೆನಪು ಅವರ ಜೊತೆಗೇ ಹೋಗುತ್ತದೆ ಅಲ್ವಾ? ಇನ್ನೊಂದು ಕಡೆ ಗ್ರೇಹೌಂಡ್ ಬೆರೆತ ಮರಿಯನ್ನೂ ಮುಧೋಳ ಅಂತ ಮಾರುವುದು ನಡೀತಿದೆ ಅಂತ ಸಾಕುವವರೇ ಬೇಸರದಿಂದ ಹೇಳುತ್ತಾರೆ. ಕಾಗದ ಇಲ್ಲದ ಕಡೆ ನಿಯತ್ತಿನವನಿಗೂ ಮೋಸದವನಿಗೂ ಒಂದೇ ಬೆಲೆ.

ಈ ಪುಸ್ತಕವನ್ನು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಕೂತು ಬರೆಯಲು ಆಗುವುದಿಲ್ಲ. ನಾಯಿ ಇರುವುದು ಹಳ್ಳಿಯಲ್ಲಿ, ಅದರ ಕಥೆ ಇರುವುದು ಸಾಕುವವರ ಬಾಯಲ್ಲಿ. ಅದಕ್ಕೆ ಆ ಒಂಬತ್ತು ಜನರ ಪಟ್ಟಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮಲ್ಲಿ ಯಾರು ಕೂರಬಹುದು? ತಲೆತಲಾಂತರದಿಂದ ನಾಯಿ ಸಾಕಿದ ನಾಲ್ಕೈದು ಮನೆಯ ಹಿರಿಯರು, ಅವರ ಮಾತೇ ಕೊನೆಯ ಮಾತು. ಒಬ್ಬ ಪಶುವೈದ್ಯರು. ಒಬ್ಬ ಶಾಲೆಯ ಮೇಷ್ಟ್ರು, ಅಕ್ಷರ ಚೆನ್ನಾಗಿರುವವರು. ಸಕ್ಕರೆ ಕಾರ್ಖಾನೆಯವರೋ ಕಬ್ಬಿನ ದೊಡ್ಡ ರೈತರೋ ಒಬ್ಬರು, ಚಹಾ ಖರ್ಚಿಗೆ, ಪುಸ್ತಕದ ಖರ್ಚಿಗೆ. ಒಬ್ಬ ವಕೀಲರು, ಸಂಘ ನೋಂದಾಯಿಸಲು. ಖಾನಾವಳಿಯವರಂತೂ ಮುಧೋಳದಲ್ಲಿ ಬೇಕಾದಷ್ಟು ಜನ ಇದ್ದಾರೆ! ತಿಮ್ಮಾಪುರದ ಕೇಂದ್ರ ಪಕ್ಕದಲ್ಲೇ ಇದೆ, ಅಳತೆ ತೆಗೆಯುವುದು, ಮೈಕ್ರೋಚಿಪ್ ಹಾಕುವುದು, ರಕ್ತ ಪರೀಕ್ಷೆಗೆ ಅವರ ಸಹಾಯ ಕೇಳಬಹುದು.

ಬರೆಯಬೇಕಾದ್ದು ಜಾಸ್ತಿ ಏನಿಲ್ಲ. ನಾಯಿಯ ಹೆಸರು, ಹುಟ್ಟಿದ ದಿನ, ಬಣ್ಣ, ಎತ್ತರ, ತಂದೆ, ತಾಯಿ, ಯಾರ ಮನೆ, ಒಂದೇ ಸೂಲಿನಲ್ಲಿ ಎಷ್ಟು ಮರಿ, ಎಷ್ಟು ಉಳಿದವು, ಯಾವುದು ಯಾವ ಊರಿಗೆ ಹೋಯಿತು. ಹಳೆಯ ನಾಯಿಗಳ ಬಗ್ಗೆ ಹಿರಿಯರು ಹೇಳುವುದನ್ನು ಬೇರೆ ಪುಸ್ತಕದಲ್ಲಿ, ಕೇಳಿ ಬರೆದದ್ದು ಅಂತ ಗುರುತು ಹಾಕಿ ಬರೆಯಬೇಕು. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು. ಬರೆಯಲು ಶುರು ಮಾಡಿದ ಮೇಲೆ ಯಾವ ಗಂಡು ನಾಯಿಯನ್ನು ಅತಿ ಹೆಚ್ಚು ಬಳಸುತ್ತಿದ್ದೇವೆ ಅಂತ ಒಂದೆರಡು ವರ್ಷದಲ್ಲೇ ಕಾಣುತ್ತದೆ. ಹೋರಾಂಡ್‌ನ ಮಕ್ಕಳು ಮೊಮ್ಮಕ್ಕಳಲ್ಲಿ ಆದದ್ದು ಇಲ್ಲಿ ಆಗದಂತೆ ಆಗಲೇ ತಡೆಯಬಹುದು.

ಪರೀಕ್ಷೆಯೂ ಬೇಕು. ಬಣ್ಣ ನೋಡಿ ಕಪ್ ಕೊಡುವ ಪ್ರದರ್ಶನ ಸಾಕಷ್ಟು ಆಗಿವೆ. ಮುಧೋಳ ನಾಯಿಯ ಓಟವನ್ನು ಮೊಲ ಇಲ್ಲದೆ, ಎಳೆಯುವ ಬಟ್ಟೆ ತುಂಡಿನ ಹಿಂದೆ ಬಿಟ್ಟು ನೋಡಬಹುದು, ಬೇರೆ ದೇಶಗಳಲ್ಲಿ ಗ್ರೇಹೌಂಡ್‌ನಂಥ ನಾಯಿಗಳಿಗೆ ಹೀಗೇ ಮಾಡುತ್ತಾರೆ. ಹೊಲ ಕಾಯುವುದನ್ನು ನೋಡಬಹುದು. ಹೊಸಬರ ಮುಂದೆ ಹೆದರಿ ಓಡುತ್ತದೋ, ನಿಂತು ನೋಡುತ್ತದೋ, ಸುಮ್ನೆ ಕಚ್ಚಲು ಬರುತ್ತದೋ ಅಂತ ನೋಡಬಹುದು. ವಾಯುಪಡೆಯವರು 2021ರಲ್ಲಿ ಮರಿ ತಗೊಂಡದ್ದು ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸಲು. ಇಂಥ ಕೆಲಸ ಇನ್ನೂ ಎಷ್ಟೋ ಇವೆ, ಕೇಳುವವರು ಬೇಕು. ಪರೀಕ್ಷೆ ಮಾಡಿ ಗುರುತು ಹಾಕಿದ ನಾಯಿ ಇದೆ ಅಂತ ತೋರಿಸಿದರೆ ಕೇಳುವುದೂ ಸುಲಭ.

ಬಡವರು ಸಾಕುವ ನಾಯಿ, ಅವರು ಶುಲ್ಕ ಎಲ್ಲಿಂದ ಕಟ್ಟುತ್ತಾರೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲ ಹತ್ತು ವರ್ಷ ಹಳ್ಳಿಯ ಸಾಕಣೆದಾರರಿಗೆ ಶುಲ್ಕವೇ ಬೇಡ. ಮರಿ ಕೊಂಡು ಪಟ್ಟಣಕ್ಕೆ ಒಯ್ಯುವವರು ಕಾಗದಕ್ಕೆ ದುಡ್ಡು ಕೊಡಲಿ, ಅವರಿಗೆ ಅದು ಭಾರವಲ್ಲ. ಇನ್ನೊಂದು ಭಯ ನನಗೂ ಇದೆ. ಸಂಘಕ್ಕೆ ಸ್ವಲ್ಪ ಹೆಸರು ಬಂದ ತಕ್ಷಣ ದುಡ್ಡಿದ್ದವರು, ರಾಜಕೀಯದವರು ಬಂದು ಕುರ್ಚಿ ಹಿಡಿಯುತ್ತಾರೆ, ಸಾಕಿದವರು ಹೊರಗೆ ನಿಲ್ಲುತ್ತಾರೆ. ಅದಕ್ಕೆ ಬೈಲಾದಲ್ಲೇ ಬರೆದುಬಿಡಬೇಕು, ಅರ್ಧಕ್ಕಿಂತ ಹೆಚ್ಚು ಪದಾಧಿಕಾರಿಗಳು ಮನೆಯಲ್ಲಿ ಮುಧೋಳ ಹೆಣ್ಣು ನಾಯಿ ಸಾಕಿ ಮರಿ ಹಾಕಿಸಿದವರೇ ಆಗಿರಬೇಕು, ಅಧ್ಯಕ್ಷ ಯಾರೇ ಆದರೂ ಇಷ್ಟು ವರ್ಷ ಮಾತ್ರ. ಸ್ಟೆಫಾನಿಟ್ಸ್ 36 ವರ್ಷ ಒಬ್ಬರೇ ಕುರ್ಚಿಯಲ್ಲಿದ್ದರು, ಅದು ನಮಗೆ ಬೇಡ.

ಸಂಪಾದಕರೇ, ನಿಮ್ಮಿಂದ ಒಂದು ಸಹಾಯ ಕೇಳುತ್ತೇನೆ. ಮುಂದಿನ ಸಲ ನಿಮ್ಮ ವರದಿಗಾರರು ಮುಧೋಳ ನಾಯಿಯ ಫೋಟೊ ತೆಗೆಯಲು ಹೋದಾಗ ಆ ನಾಯಿಯ ಹೆಸರು, ಅದರ ತಾಯಿಯ ಹೆಸರು, ಸಾಕಿದವರು ಒಪ್ಪಿದರೆ ಅವರ ಹೆಸರು ಮತ್ತು ಊರು ಕೇಳಿ ಫೋಟೊ ಕೆಳಗೆ ಹಾಕಿಸಿ. ಅಷ್ಟು ಬಂದರೂ ಹತ್ತು ವರ್ಷದಲ್ಲಿ ನಿಮ್ಮ ಪತ್ರಿಕೆಯ ಹಳೇ ಸಂಚಿಕೆಗಳೇ ಒಂದು ದಾಖಲೆ ಆಗುತ್ತವೆ. ಹಾಗೇ ಈ ಪತ್ರ ಓದಿದ ಸಾಕಣೆದಾರರು ಯಾರಾದರೂ ಮುಧೋಳದಲ್ಲಿ ಒಂದು ಭಾನುವಾರ ಸಭೆ ಕರೆದರೆ ನಾನು ಬರುತ್ತೇನೆ. ಲೆಡ್ಜರ್ ನಾನೇ ತರುತ್ತೇನೆ, ಬರೆಯುವ ಕೆಲಸವನ್ನೂ ಮಾಡಿಕೊಡುತ್ತೇನೆ.

ಇಂತಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಓದುಗ